ಲೆಟರ್ ಎಲ್ಲಿ?

"ನಮ್ಮ ಹುಡುಗಿ ಆಫೀಸ್ ಮುಗಿಸ್ಕೊಂಡು ಕಳ್ಳತನದ ಟ್ಯೂಷನ್‌ಗೆ ಹೋಗ್ತಾಳೆ" ಎಂದು ನಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ರಾಜಾಜಿನಗರದ ನಮ್ಮ ಮನೆಗೆ ನನ್ನ ಮದುವೆಯ ಮಾತು ಎತ್ತಿಕೊಂಡು ಬಂದವರ ಮುಂದೆಯೂ ಹೇಳಿದಳು. ಅವರು ಕಾಫಿ ಕುಡಿದು, ನಕ್ಕು, ಎದ್ದು ಹೋದವರು ತಿರುಗಿ ಬರಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ಅಮ್ಮ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ.

ಆ ಟ್ಯೂಷನ್ನಿನ ನಿಜವಾದ ಹೆಸರು ಪೆನೆಟ್ರೇಷನ್ ಟೆಸ್ಟಿಂಗ್. ಒಂದು ಕಂಪನಿ ತನ್ನ ಕಂಪ್ಯೂಟರ್‌ಗಳಿಗೆ ಹಾಕಿದ ಬೀಗ ಗಟ್ಟಿಯಾಗಿದೆಯೋ ಇಲ್ಲವೋ ತಿಳಿಯಲು ತಾನೇ ನಿಮ್ಮನ್ನು ಕರೆದು, ಒಡೆದು ತೋರಿಸಿ ಎನ್ನುತ್ತದೆ. ನೀವು ಒಡೆದು, ಎಲ್ಲಿ ಒಡೆಯಿತು ಎಂದು ಬರೆದುಕೊಟ್ಟು, ಬಂದ ದಾರಿಯಲ್ಲೇ ಹೊರಗೆ ಬರಬೇಕು. ಇದಕ್ಕೊಂದು ಪರೀಕ್ಷೆ, ಪಾಸಾದರೆ ಎಥಿಕಲ್ ಹ್ಯಾಕಿಂಗ್ ಎಂದು ಬರೆದ ಒಂದು ಸರ್ಟಿಫಿಕೇಟ್. ಎರಡು ಸಾವಿರನೇ ಇಸವಿಯ ಆ ದಶಕದಲ್ಲಿ ಊರಿನ ಈ ಪಶ್ಚಿಮದ ಕಡೆ ಅಂಥದ್ದೊಂದು ಪರೀಕ್ಷೆ ಇದೆ ಎಂದು ಗೊತ್ತಿದ್ದವರೇ ಕಡಿಮೆ.

ನಾನು ಕೆಲಸ ಮಾಡುತ್ತಿದ್ದದ್ದು ಬಸವೇಶ್ವರನಗರದ ಒಂದು ಸಣ್ಣ ಕಂಪನಿಯಲ್ಲಿ. ವಾಸದ ಮನೆಯನ್ನೇ ಆಫೀಸು ಮಾಡಿಕೊಂಡಿದ್ದರು. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಸರ್ವರ್‌ಗಳು ಕೂತಿದ್ದವು, ದೇವರ ಕೋಣೆಯಲ್ಲಿ ನಾನು ಕೂತಿದ್ದೆ. ಸುತ್ತಮುತ್ತಲ ಅಂಗಡಿ, ಶಾಲೆ, ನರ್ಸಿಂಗ್ ಹೋಂಗಳ ಕಂಪ್ಯೂಟರ್ ನೋಡಿಕೊಳ್ಳುವುದು ನಮ್ಮ ಕಸುಬು. ಮ್ಯಾನೇಜರ್ ಸಾರ್‌ಗೆ ಐವತ್ತು ದಾಟಿತ್ತು. ಹಣೆಗೆ ಗಂಧ, ಜೇಬಿನಲ್ಲಿ ಎರಡು ಪೆನ್ನು, ಬಾಯಿ ತೆರೆದರೆ "ಅಮ್ಮಾ", "ಅಪ್ಪಾ". ಆಫೀಸಿನಲ್ಲಿ ಎಲ್ಲರೂ ಅವರನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಹಾಗೆ ಅನ್ನಿಸಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ.

ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು. ಬಿನ್ನಿಪೇಟೆಯವನು. ಅಪ್ಪ ಮಿಲ್ಲಿನಲ್ಲಿ ನೇಯುತ್ತಿದ್ದರಂತೆ, ಈಗಿಲ್ಲ. ಅಮ್ಮ ಬ್ಲೌಸ್ ಹೊಲಿಯುತ್ತಾರೆ. ಡಿಪ್ಲೊಮಾ ಮುಗಿಸಿ ಎಲ್ಲೂ ಕೆಲಸ ಸಿಗದೆ ಅಲೆಯುತ್ತಿದ್ದವನನ್ನು ಮ್ಯಾನೇಜರ್ ಸಾರ್ ಒಳಗೆ ಸೇರಿಸಿಕೊಂಡಿದ್ದರು. ಅಪ್ಪ ತೀರಿಹೋದಾಗ ಸ್ಮಶಾನಕ್ಕೂ ಬಂದಿದ್ದರು. ಅದನ್ನು ಅವನು ಒಂದು ದಿನವೂ ಮರೆಯಲಿಲ್ಲ. ಅವರು ಕ್ಯಾಬಿನ್‌ನಿಂದ ಹೊರಗೆ ಬಂದರೆ ಸಾಕು, ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೂ ಎದ್ದು ನಿಲ್ಲುತ್ತಿದ್ದ. ನನ್ನನ್ನು ಮೊದಮೊದಲು ಮೇಡಂ ಎನ್ನುತ್ತಿದ್ದವನು, ನಮ್ಮ ಮನೆಗೆ ಬಂದು ಬಿಡಿ ಭಾಗಗಳಿಂದ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟು, ಅಮ್ಮ ಮಾಡಿದ ಅಕ್ಕಿ ರೊಟ್ಟಿ ತಿಂದ ದಿನದಿಂದ ಅಕ್ಕಾ ಅನ್ನತೊಡಗಿದ.

ಪರೀಕ್ಷೆ ಬರೆಯಿರಿ ಎಂದದ್ದು ಮ್ಯಾನೇಜರ್ ಸಾರ್. ಮುಂದೆ ಇದಕ್ಕೇ ಕಾಲ, ನಮ್ಮಲ್ಲಿ ಇಬ್ಬರಾದರೂ ಸರ್ಟಿಫಿಕೇಟ್ ಇರುವವರು ಬೇಕು ಎಂದರು. ಹಾಗೆ ನಾವಿಬ್ಬರೂ ಸಂಜೆ ಹೊತ್ತು ವಿಜಯನಗರದ ಒಂದು ಬೇಕರಿಯ ಮೇಲಿನ ಮಹಡಿಗೆ ಹೋಗತೊಡಗಿದೆವು. ಅಲ್ಲಿ ಒಂದು ಉದ್ದನೆ ಕೋಣೆ, ದಪ್ಪ ಬೆನ್ನಿನ ಹಳೆ ಮಾನಿಟರ್‌ಗಳು, ಕೆಳಗಿನಿಂದ ಬಿಸಿ ಖಾರಾ ಬನ್ನಿನ ವಾಸನೆ. ಪಾಠ ಮಾಡುವ ಮೇಷ್ಟ್ರು ಯಾವುದೋ ಸರ್ಕಾರಿ ಕಾರ್ಖಾನೆಯಿಂದ ಬೇಗ ನಿವೃತ್ತಿ ತೆಗೆದುಕೊಂಡು ಬಂದವರು. ನಗುವುದೇ ಅಪರೂಪ.

ಮೊದಲ ದಿನ ಅವರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಗೋಡೆ ಪಕ್ಕದ ಕಬ್ಬಿಣದ ಬೀರು ತೋರಿಸಿ, ಮುಂದಿನ ಸಾಲಿನಲ್ಲಿದ್ದ ನನ್ನ ಜೊತೆಗಾರನಿಗೆ, "ಅದು ಲಾಕ್ ಆಗಿದೆಯಾ ನೋಡಪ್ಪ" ಎಂದರು. ಅವನು ತಟ್ಟನೆ ಎದ್ದು ಹೋಗಿ ಹಿಡಿ ಎಳೆದ. ಬಾಗಿಲು ತೆರೆದುಕೊಂಡು ಹಳೆ ಪೇಪರಿನ ಕಟ್ಟು ಅವನ ಕಾಲ ಮೇಲೆ ಬಿತ್ತು.

"ಯಾರು ಹೇಳಿದ್ದು ನಿಂಗೆ ತೆಗಿ ಅಂತ?"

"ನೀವೇ ಹೇಳಿದ್ರಲ್ಲ ಸಾರ್."

"ನಾನು ಹೇಳೇ ಇಲ್ಲ. ಲೆಟರ್ ಎಲ್ಲಿ?"

ಕೋಣೆಯೆಲ್ಲ ನಕ್ಕಿತು. ಅವನೂ ನಕ್ಕ, ಕಿವಿ ಕೆಂಪಾಗಿತ್ತು. ಮೇಷ್ಟ್ರು ನಗಲಿಲ್ಲ. ಬೀರು ಯಾರದೋ ಅವರು ಬರೆದುಕೊಡಬೇಕು, ಯಾವ ಬೀರು, ಯಾವ ದಿನ, ಎಷ್ಟು ಹೊತ್ತು, ಏನಾದರೂ ಮುರಿದರೆ ಯಾರಿಗೆ ಫೋನ್ ಮಾಡಬೇಕು ಎಲ್ಲ ಅದರಲ್ಲಿರಬೇಕು, ಅಷ್ಟಿಲ್ಲದೆ ಕೀಬೋರ್ಡ್ ಮುಟ್ಟಿದವನು ಕಳ್ಳ ಎಂದರು. "ಕಳ್ಳ ಮತ್ತೆ ನೀವು ಮಾಡೋ ಕೆಲಸ ಒಂದೇ. ವ್ಯತ್ಯಾಸ ಇರೋದು ಆ ಲೆಟರಲ್ಲಿ ಮಾತ್ರ."

ಆಮೇಲೆ ಅದೇ ನಮ್ಮ ತಮಾಷೆಯಾಯಿತು. ಯಾರಾದರೂ ಟೀ ತರಲು ಹೊರಟರೆ "ಲೆಟರ್ ಎಲ್ಲಿ ಗುರು?", ಫ್ಯಾನ್ ಹಾಕಲು ಎದ್ದರೆ "ಲೆಟರ್ ಎಲ್ಲಿ ಮಗಾ?". ನನ್ನ ಟಿಫನ್ ಬಾಕ್ಸಿಗೆ ಜೊತೆಗಾರ ಕೈ ಹಾಕಿದರೆ ನಾನೂ ಹಾಗೇ ಕೇಳುತ್ತಿದ್ದೆ. ಅವನು ಅಂಗೈ ಮೇಲೆ ಬೆರಳಿನಿಂದ ಗೀಚಿ, ಸಹಿ ಹಾಕಿದಂತೆ ಮಾಡಿ, ಚಿತ್ರಾನ್ನ ಬಾಚಿಕೊಳ್ಳುತ್ತಿದ್ದ.

ಇಬ್ಬರೂ ಪಾಸಾದೆವು. ಅವನಿಗೆ ನನಗಿಂತ ಒಳ್ಳೆಯ ಅಂಕ ಬಂತು. ಪುಸ್ತಕವನ್ನು ಅವನು ಓದಿದ್ದಲ್ಲ, ನುಂಗಿದ್ದ. ಅದರ ಕೊನೆಯಲ್ಲಿದ್ದ ನೀತಿಯ ಪಾಠ ನನಗೆ ಆಕಳಿಕೆ ತರಿಸುತ್ತಿತ್ತು, ಅವನಿಗೆ ಅದು ಬಾಯಿಪಾಠ. ಪರೀಕ್ಷೆ ಮಾಡುವಾಗ ಕೈತಪ್ಪಿ ಏನಾದರೂ ಕೆಟ್ಟರೆ ಮುಚ್ಚಿಡಬಾರದು, ಯಾರ ಕಂಪ್ಯೂಟರೋ ಅವರಿಗೆ ತಕ್ಷಣ ತಿಳಿಸಬೇಕು ಎಂಬ ಸಾಲನ್ನು ಅವನು ಇಂಗ್ಲಿಷಿನಲ್ಲಿ ಪದ್ಯದ ಹಾಗೆ ಒಪ್ಪಿಸುತ್ತಿದ್ದ. ಸರ್ಟಿಫಿಕೇಟ್ ಬಂದ ದಿನ ಅವನ ಅಮ್ಮ ಅದಕ್ಕೆ ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆಸಿ ನೇತುಹಾಕಿದರು. ಗಾಜಿನ ಮೇಲೆ ಕುಂಕುಮ ಇಟ್ಟರು. ನಾನು ನೋಡಲು ಹೋದಾಗ ನನಗೂ ಕುಂಕುಮ ಕೊಟ್ಟು, "ನಮ್ಮ ವಂಶದಲ್ಲೇ ಗೋಡೆಗೆ ಹಾಕೋ ಅಂಥದ್ದು ಇದೇ ಮೊದಲು ಕಣಮ್ಮ" ಎಂದರು.

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇತ್ತು. ಮ್ಯಾನೇಜರ್ ಸಾರ್ ನಮ್ಮಿಬ್ಬರನ್ನೂ ಕ್ಯಾಬಿನ್‌ಗೆ ಕರೆದರು. ಹತ್ತಿರದಲ್ಲೇ ಒಂದು ಸಹಕಾರ ಸೊಸೈಟಿ ಇತ್ತು, ಐದಾರು ಶಾಖೆಗಳದ್ದು. ಜನ ಪಿಗ್ಮಿ ಕಟ್ಟುತ್ತಿದ್ದರು, ಒಡವೆ ಅಡ ಇಟ್ಟು ಸಾಲ ತೆಗೆಯುತ್ತಿದ್ದರು. ಅದರ ಪ್ರಿಂಟರ್ ರಿಪೇರಿ ಅಷ್ಟೇ ನಮ್ಮದಾಗಿತ್ತು. ಈಗ ಅದರ ಭದ್ರತೆಯ ಕೆಲಸವೆಲ್ಲ ನಮಗೇ ಬರುತ್ತದೆ, ನಾಳೆ ಬೆಳಿಗ್ಗೆ ಶಾಖೆ ತೆಗೆಯುವ ಮುಂಚೆ ಒಂದು ಟೆಸ್ಟ್ ಮಾಡಿ ತೋರಿಸಿಬಿಡಿ ಎಂದರು.

"ಸಾರ್, ಅವರ ಕಡೆಯಿಂದ ಒಂದು ಲೆಟರ್ ಬೇಕಾಗುತ್ತೆ" ಎಂದೆ ನಾನು.

"ಅವರ ಡೈರೆಕ್ಟರ್ ಹತ್ರ ನಾನೇ ಮಾತಾಡಿದೀನಮ್ಮ. ಲೆಟರ್ ಬರ್ತಾ ಇದೆ."

"ಬಂದ್ಮೇಲೆ ಮಾಡೋಣ ಸಾರ್."

ಅವರು ಕಾಫಿ ಲೋಟ ಕೆಳಗಿಟ್ಟು ಅವನ ಕಡೆ ತಿರುಗಿದರು. ಮುಖದಲ್ಲಿ ಕೋಪ ಇರಲಿಲ್ಲ, ನೋವು ತಂದುಕೊಂಡಿದ್ದರು. "ನೀನೂ ನನ್ನ ಹತ್ರ ಲೆಟರ್ ಕೇಳ್ತೀಯೇನಪ್ಪಾ?"

"ಅಯ್ಯೋ, ಇಲ್ಲ ಸಾರ್" ಎಂದ ಅವನು.

ಹೊರಗೆ ಬಂದ ಮೇಲೆ ಅವನನ್ನು ಸರ್ವರ್‌ಗಳ ಪಕ್ಕಕ್ಕೆ ಎಳೆದುಕೊಂಡು ಹೋಗಿ ಚೆನ್ನಾಗಿ ಬೈದೆ. ಬೀರು ನೆನಪಿಲ್ವೇನೋ ಎಂದೆ. ಒಂದು ಸಾಲು ಬರೆಸಿಕೊಂಡರೆ ಅವರ ಗಂಟೇನು ಹೋಗುತ್ತೆ ಎಂದೆ. ಅವನು ನೆಲ ನೋಡುತ್ತ ನಿಂತ.

"ಅಕ್ಕ, ನಮ್ಮಪ್ಪನ ಹೆಣಕ್ಕೆ ಹೆಗಲು ಕೊಟ್ಟೋರು ಅವ್ರು. ಅವ್ರ ಬಾಯಿ ಮಾತು ಸಾಲಲ್ಲ, ಬರ್ಕೊಡಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಪುಸ್ತಕ ಬರೆದವರು ಯಾವ ದೇಶದಲ್ಲಿದ್ದರೋ ಗೊತ್ತಿಲ್ಲ. ಹೆಗಲು ಕೊಟ್ಟವರ ಮುಂದೆ ಕಾಗದ ಚಾಚುವುದು ಹೇಗೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ನಮ್ಮಲ್ಲಿ ಹಿರಿಯರ ಹತ್ತಿರ ಬರೆಸಿಕೊಳ್ಳುವುದು ಎಂದರೆ ಅವರನ್ನು ಸುಳ್ಳುಗಾರ ಎಂದ ಹಾಗೆ. ಮ್ಯಾನೇಜರ್ ಸಾರ್‌ಗೆ ಇದು ಚೆನ್ನಾಗಿ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು ಆಫೀಸಿಗೆ ಬರುವ ಹೊತ್ತಿಗೆ ಅವನು ಮುಖ ಬಾಡಿಸಿಕೊಂಡು ಕೂತಿದ್ದ. ಸೊಸೈಟಿಯ ನೌಕರರ ಪಾಸ್‌ವರ್ಡ್‌ಗಳು ಸುಲಭವಾಗಿವೆಯೇ ಎಂದು ನೋಡಲು, ಒಂದಾದ ಮೇಲೆ ಒಂದು ಊಹೆ ಹಾಕುವ ಪ್ರೋಗ್ರಾಂ ಓಡಿಸಿದ್ದಾನೆ. ಅಲ್ಲಿ ಯಾರೋ, ಕೆಲವು ಸಲ ತಪ್ಪು ಪಾಸ್‌ವರ್ಡ್ ಬಿದ್ದರೆ ಆ ನೌಕರನ ಖಾತೆ ತಾನಾಗಿ ಮುಚ್ಚಿಹೋಗುವಂತೆ ಮಾಡಿಟ್ಟಿದ್ದಾರೆ. ಎಲ್ಲ ಶಾಖೆಗಳ ಎಲ್ಲ ನೌಕರರ ಖಾತೆಗಳೂ ಒಟ್ಟಿಗೆ ಮುಚ್ಚಿಹೋಗಿವೆ. ಬಿಚ್ಚಬೇಕಾದರೆ ಸೊಸೈಟಿಯ ಸರ್ವರ್ ಮುಂದೆಯೇ ಕೂರಬೇಕು, ಹೊರಗಿನಿಂದ ಆಗುವುದಿಲ್ಲ. ಲೆಟರ್ ಇದ್ದಿದ್ದರೆ ಅದರಲ್ಲಿ ಆ ಸರ್ವರ್ ನೋಡಿಕೊಳ್ಳುವವನ ಫೋನ್ ನಂಬರ್ ಇರುತ್ತಿತ್ತು.

ಮ್ಯಾನೇಜರ್ ಸಾರ್‌ಗೆ ಫೋನ್ ಮಾಡಿದ್ದಕ್ಕೆ, "ಯಾರಿಗೂ ಹೇಳ್ಬೇಡ, ಸುಮ್ನಿರು, ತಾನಾಗೇ ಸರಿಹೋಗುತ್ತೆ" ಎಂದಿದ್ದರಂತೆ. ಆಮೇಲೆ ಫೋನ್ ಎತ್ತಿಲ್ಲ.

"ನಾಳೆ ಹಬ್ಬ ಅಕ್ಕ. ಒಡವೆ ಬಿಡಿಸ್ಕೊಳ್ಳೋಕೆ ಹೆಂಗಸ್ರೆಲ್ಲ ಬಂದಿರ್ತಾರೆ. ನಾನೇ ಹೋಗಿ ಹೇಳ್ಬಿಡ್ತೀನಿ, ಹೇಗೆ ಬಿಚ್ಚೋದು ಅಂತ ತೋರ್ಸಿದ್ರೆ ಅರ್ಧ ಗಂಟೇಲಿ ಮುಗಿಯುತ್ತೆ."

"ನೀನ್ಯಾಕೋ ಹೋಗ್ಬೇಕು? ಮಾಡಿಸಿದವರು ಹೋಗ್ಲಿ."

"ತಕ್ಷಣ ತಿಳಿಸ್ಬೇಕು ಅಂತ ಇದೆಯಲ್ಲ ಅಕ್ಕ" ಎಂದ. ಬಾಯಿಪಾಠ ಮಾಡಿದ್ದ ಆ ಸಾಲು.

ಅವನನ್ನು ಒಬ್ಬನೇ ಕಳಿಸಲು ಮನಸ್ಸು ಬರಲಿಲ್ಲ. ಅವನ ಸ್ಕೂಟರಿನ ಹಿಂದೆ ಕೂತು, ಸೊಸೈಟಿಯ ಸರ್ವರ್ ಇದ್ದ ವಿಜಯನಗರದ ಶಾಖೆಗೆ ನಾನೂ ಹೋದೆ. ದಾರಿಯುದ್ದಕ್ಕೂ ಬಾಳೆಕಂದು, ಮಾವಿನೆಲೆ, ತಾವರೆ ಮೊಗ್ಗು ರಾಶಿ ಹಾಕಿಕೊಂಡು ಕೂತಿದ್ದರು. ಶಾಖೆಯ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಟ್ಟೆ ಚೀಲ ಎದೆಗೊತ್ತಿಕೊಂಡ ಹೆಂಗಸರು ಹಾಲಿನ ತುಂಬ ಇದ್ದರು. ಒಬ್ಬಾಕೆ ಕೌಂಟರಿಗೆ ಕೈ ಬಡಿದು, "ದುಡ್ಡು ತಂದಿದೀನಿ ಸ್ವಾಮಿ, ನನ್ನ ಸರ ನನಗೆ ಕೊಡೋಕೆ ಏನ್ರೀ ನಿಮಗೆ ಕಷ್ಟ? ನಾಳೆ ಕಲಶಕ್ಕೆ ಏನು ಹಾಕ್ಲಿ?" ಎನ್ನುತ್ತಿದ್ದರು. ಹಿಂದಿನಿಂದ ಯಾರೋ, ಸೊಸೈಟಿ ಮುಳುಗಿದೆ, ಅದಕ್ಕೇ ಕಂಪ್ಯೂಟರ್ ಕೆಟ್ಟಿದೆ ಅಂತ ನಾಟಕ ಆಡ್ತಿದಾರೆ ಎಂದರು. ಆ ಮಾತು ಹಾಲಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹರಿದುಹೋದದ್ದು ಕಣ್ಣಿಗೆ ಕಾಣುತ್ತಿತ್ತು. ವಾಪಸ್ ಹೋಗೋಣ ಕಣೋ ಎಂದು ಅವನ ಷರ್ಟಿನ ತೋಳು ಹಿಡಿದೆ. ಅವನು ಆಗಲೇ ಸೊಸೈಟಿ ಸೆಕ್ರೆಟರಿಯ ಮೇಜಿನ ಮುಂದೆ ನಿಂತಿದ್ದ.

ಸಣ್ಣ ದನಿಯಲ್ಲಿ, ಒಂದೂ ಬಿಡದೆ ಹೇಳಿದ. ತಾನು ಯಾರು, ಏನು ಮಾಡಿದೆ, ಏನಾಯಿತು, ಹೇಗೆ ಸರಿಮಾಡಬಹುದು. ಸೆಕ್ರೆಟರಿ ಮೊದಲು ಅರ್ಥವಾಗದೆ ತಲೆಯಾಡಿಸುತ್ತಿದ್ದರು. ಅರ್ಥವಾದ ಮೇಲೆ ಎದ್ದು ನಿಂತರು.

"ಯಾರ್ರೀ ಹೇಳಿದ್ದು ನಿಮಗೆ ಇದನ್ನೆಲ್ಲ ಮಾಡಿ ಅಂತ?"

"ನಮ್ಮ ಮ್ಯಾನೇಜರ್ ಸಾರ್. ನಿಮ್ಮ ಡೈರೆಕ್ಟರ್ ಹತ್ರ ಮಾತಾಡಿದಾರಂತೆ."

"ಲೆಟರ್ ಎಲ್ಲಿ?"

ಅವನು ತಿರುಗಿ ನನ್ನ ಮುಖ ನೋಡಿದ. ಬೇಕರಿ ಮೇಲಿನ ಕೋಣೆ, ಅಷ್ಟೂ ಜನರ ನಗು ನನ್ನ ಕಣ್ಣ ಮುಂದೆ ಬಂದು ಹೋಯಿತು. ಅವನಿಗೂ ಅದೇ ಬಂದಿರಬೇಕು.

ಸೆಕ್ರೆಟರಿ ನಮ್ಮ ಆಫೀಸಿಗೆ ಫೋನ್ ಮಾಡಿದರು. ಬೆಳಿಗ್ಗೆಯಿಂದ ಸಿಗದಿದ್ದ ಮ್ಯಾನೇಜರ್ ಸಾರ್ ಈಗ ಸಿಕ್ಕರು. ಮಾತು ಬಹಳ ಹೊತ್ತು ನಡೆಯಲಿಲ್ಲ. ರಿಸೀವರ್ ಇಟ್ಟು ಸೆಕ್ರೆಟರಿ, "ಅವರು ಹೇಳೇ ಇಲ್ವಂತೆ" ಎಂದರು.

"ಹೇಳಿದಾರೆ! ನನ್ನ ಮುಂದೆನೇ ಹೇಳಿದಾರೆ!" ಎಂದು ನಾನು ಕಿರುಚಿದೆ. ದೇವರಂಥ ಮನುಷ್ಯನ ಮೇಲೆ ಬಾಯಿಬಿಟ್ಟು ದೂರು ಹೇಳಲು ಆಗಲೂ ಅವನಿಗೆ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಕೌಂಟರಿನ ಒಳಗಿದ್ದ ಯಾರೋ "ಹ್ಯಾಕ್ ಮಾಡಿದಾನಂತೆ" ಎಂದರು. ಹಾಲಿನಲ್ಲಿದ್ದವರಿಗೆ ಆ ಪದ ಟಿವಿಯಿಂದ ಗೊತ್ತಿತ್ತು. ಒಡವೆ ಕಳ್ಳ ಸಿಕ್ಕಿದ ಎಂದು ಅದು ಬಾಗಿಲ ತನಕ ಹೋಯಿತು. ಹೆಂಗಸರ ಜೊತೆ ಬಂದಿದ್ದ ಗಂಡಸರು ಅವನ ಕಾಲರ್ ಹಿಡಿದರು. ನಾನು ಅಡ್ಡ ಹೋದೆ, ನನ್ನನ್ನು ಪಕ್ಕಕ್ಕೆ ತಳ್ಳಿದರು, ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅವನು ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಪೊಲೀಸರು ಬಂದು ಬಿಡಿಸಿಕೊಳ್ಳುವಷ್ಟರಲ್ಲಿ ತುಟಿ ಒಡೆದಿತ್ತು. ಹಾಗೆ ನೋಡಿದರೆ ಜೀಪು ಹತ್ತಿಸಿದ್ದೇ ಅವನಿಗೆ ಆ ಹೊತ್ತಿನ ರಕ್ಷಣೆ.

ಠಾಣೆಯಲ್ಲಿ ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಬರೆದುಕೊಂಡರು. ಮಧ್ಯಾಹ್ನ ಮ್ಯಾನೇಜರ್ ಸಾರ್ ಬಂದರು, ಗಂಧ ಹಾಗೇ ಇತ್ತು. ನನ್ನನ್ನು ನೋಡಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಮುಂದೆ ಕೂತು ತಲೆ ಅಲ್ಲಾಡಿಸುತ್ತ, "ಹುಡುಗ ಒಳ್ಳೆಯವನೇ ಸಾರ್. ಹೊಸದಾಗಿ ಕಲ್ತಿದಾನೆ, ಕೈ ತುರಿಸಿದೆ. ಆ ಹುಡುಗಿ ಮಾತು ತಲೆಗೆ ಹಚ್ಕೋಬೇಡಿ. ಇಬ್ರೂ ಒಟ್ಟಿಗೇ ಓದ್ತಿದ್ರು, ಒಟ್ಟಿಗೇ ಓಡಾಡ್ತಿದ್ರು, ಇವತ್ತೂ ಒಂದೇ ಗಾಡೀಲಿ ಬಂದಿದಾರೆ. ಅವನ ಪರ ಹೇಳದೆ ಇನ್ನೇನು ಹೇಳ್ತಾಳೆ?" ಎಂದರು.

ಅಷ್ಟೇ. ಅದಾದ ಮೇಲೆ ನನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತು ಉಳಿಯಲಿಲ್ಲ. ಅಲ್ಲಿದ್ದ ಪೇದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಿತ್ತ ಚಪ್ಪಲಿ ನೋಡಿ, ಪಕ್ಕದವನ ಕಡೆ ಹುಬ್ಬು ಹಾರಿಸಿದ. ಆ ಮ್ಯಾನೇಜರ್ ಮೇಲೆ ನನಗಿರುವ ಸಿಟ್ಟು ಇಷ್ಟು ವರ್ಷವಾದರೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಅವರು ಡೈರೆಕ್ಟರ್ ಹತ್ತಿರ ಮಾತೇ ಆಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನೋಡಿ, ನಿಮ್ಮ ಬೀಗ ಎಷ್ಟು ಸಡಿಲ, ನಾವು ಆಗಲೇ ಒಳಗೆ ಬಂದು ಹೋದೆವು ಎಂದು ಸಭೆಯಲ್ಲಿ ತೋರಿಸಿ ಕೆಲಸ ಹಿಡಿಯುವ ಯೋಚನೆ. ಕೈಗೂಡಿದ್ದರೆ ಅದು ಅವರ ಜಾಣತನ ಅನ್ನಿಸಿಕೊಳ್ಳುತ್ತಿತ್ತು.

ಸಂಜೆ ಅವನ ಅಮ್ಮ ಠಾಣೆಗೆ ಬಂದರು. ಯಾರೋ ಬಿನ್ನಿಪೇಟೆಗೆ ಸುದ್ದಿ ಮುಟ್ಟಿಸಿದ್ದರು, ಲೆಟರ್ ಇಲ್ಲ ಅಂತ ಹಿಡಿದಿಟ್ಟಿದ್ದಾರೆ ಎಂದು. ಅವರ ಕಂಕುಳಲ್ಲಿ ಟವೆಲ್ ಸುತ್ತಿದ ಏನೋ ಇತ್ತು. ಮೇಜಿನ ಮೇಲಿಟ್ಟು ಬಿಚ್ಚಿದರು. ಗೋಡೆಯ ಮೇಲಿದ್ದ ಸರ್ಟಿಫಿಕೇಟು, ಕಟ್ಟಿನ ಸಮೇತ. ಕುಂಕುಮವೂ ಹಾಗೇ ಇತ್ತು.

"ಲೆಟರ್ ಕೇಳ್ತಿದೀರಂತಲ್ಲ ಸ್ವಾಮಿ. ಮನೇಲೇ ಇತ್ತು. ತಗೊಳ್ಳಿ, ನೋಡಿ, ಸೀಲೂ ಇದೆ."

ನಾನು ಎದ್ದು ಹೋಗಿ ಅವರ ಕೈ ಹಿಡಿದೆ. ಅಮ್ಮಾ, ಇದು ಆ ಲೆಟರ್ ಅಲ್ಲ ಎಂದು ನಾನು ಹೇಳುವ ಮೊದಲೇ ಸಬ್ ಇನ್ಸ್‌ಪೆಕ್ಟರ್ ಕಟ್ಟು ಎತ್ತಿ, ಬೆಳಕಿಗೆ ಹಿಡಿದು ಓದಿದರು. ಅವರು ಕೆಟ್ಟವರೇನೂ ಅಲ್ಲ, ಆ ಹೆಂಗಸಿಗೆ ಕುರ್ಚಿ ಹಾಕಿಸಿದ್ದರು. ಓದಿ, ಒಂದು ಪದದ ಮೇಲೆ ಬೆರಳಿಟ್ಟರು.

"ಅಮ್ಮ, ಇದ್ರಲ್ಲೇ ಬರೆದಿದೆಯಲ್ಲ ಹ್ಯಾಕಿಂಗ್ ಅಂತ. ನಿಮ್ಮ ಮಗ ಅದನ್ನೇ ಕಲ್ತಿದಾನೆ ಅಂತ ನೀವೇ ತಂದ್ಕೊಡ್ತಾ ಇದೀರಲ್ಲ."

ಅದನ್ನು ಸಾಕ್ಷಿ ಎಂದು ಒಳಗಿಟ್ಟುಕೊಂಡರು. ಅವನ ಅಮ್ಮ ಕೈಯಲ್ಲಿ ಬರೀ ಟವೆಲ್ ಹಿಡಿದುಕೊಂಡು, ಎಲ್ಲಿ ತಪ್ಪಾಯಿತೆಂದು ಗೊತ್ತಾಗದೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅತ್ತೆ. ಜನರೆದುರು ಅಳುವವಳಲ್ಲ ನಾನು, ಆವತ್ತು ಅತ್ತೆ.

ಸೊಸೈಟಿ ಹಬ್ಬ ಕಳೆದ ಮೇಲೆ ಸರಿಹೋಯಿತು. ಹೆಂಗಸರ ಒಡವೆ ಹೆಂಗಸರಿಗೆ ಸೇರಿತು, ಹಬ್ಬ ಮಾತ್ರ ಬರಿಕೊರಳಲ್ಲಿ ಆಯಿತು. ಅವನಿಗೆ ಜಾಮೀನು ಸಿಕ್ಕಿತು. ಕೇಸು ಮುಗಿಯಲಿಲ್ಲ. ತಾರೀಖಿನ ಮೇಲೆ ತಾರೀಖು, ಪ್ರತಿ ಸಲ ಅವನೂ ಅವನ ಅಮ್ಮನೂ ಕೋರ್ಟಿನ ಜಗಲಿಯಲ್ಲಿ ಕೂತು ವಾಪಸ್ ಬರುವುದು. ಕೆಲವು ಸಲ ನಾನೂ ಹೋಗಿ ಕೂತೆ. ಆಫೀಸಿನಲ್ಲಿ ನನ್ನನ್ನು ನಾಳೆಯಿಂದ ಬರಬೇಡ ಎಂದಿದ್ದರು. ಅವರು ಅನ್ನದಿದ್ದರೂ ಆ ದೇವರ ಕೋಣೆಯಲ್ಲಿ ನಾನು ಕೂರುತ್ತಿರಲಿಲ್ಲ. ಅಮ್ಮ ಮೊದಲು "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ?" ಎಂದು ಕೂಗಾಡಿದಳು. ಮ್ಯಾನೇಜರ್ ಸಾರ್ ಹೇಳಿದ ಮಾತು ನಮ್ಮ ಬೀದಿಗೂ ಬಂದ ದಿನ ಸುಮ್ಮನಾದಳು. ಕಳ್ಳತನದ ಟ್ಯೂಷನ್ ಎಂದು ಮತ್ತೆ ಯಾವತ್ತೂ ತಮಾಷೆ ಮಾಡಲಿಲ್ಲ.

ನನಗೆ ಬೇರೆ ಕಡೆ ಅದೇ ಸರ್ಟಿಫಿಕೇಟಿನ ಮೇಲೆ ಕೆಲಸ ಸಿಕ್ಕಿತು. ಅವನಿಗೆ ಎಲ್ಲೂ ಸಿಗಲಿಲ್ಲ. ಸಂದರ್ಶನದ ತನಕ ಕರೆಯುತ್ತಿದ್ದರು, ಕೇಸಿನ ವಿಷಯ ಅವನೇ ಬಾಯಿಬಿಟ್ಟು ಹೇಳುತ್ತಿದ್ದ, ಅಲ್ಲಿಗೆ ಮುಗಿಯಿತು. ಹೇಳಬೇಡ ಎಂದರೆ ಕೇಳುವವನಲ್ಲ. ಆಮೇಲೆ ಅವನು ಫೋನ್ ಎತ್ತುವುದು ಕಡಿಮೆ ಮಾಡಿದ, ನಂಬರ್ ಬದಲಾಯಿತು. ನನಗೂ ನನ್ನದೇ ಓಡಾಟ ಶುರುವಾಯಿತು.

ವಿಜಯನಗರದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲಕ್ಕೆ, ನಾಯಂಡಹಳ್ಳಿಯಲ್ಲಿ ಅವನೊಂದು ಅಂಗಡಿ ಇಟ್ಟಿದ್ದಾನೆಂದು ಯಾರೋ ಹೇಳಿದರು. ನಮ್ಮ ಮನೆಯ ಹಳೆ ಕಂಪ್ಯೂಟರ್, ಅವನೇ ಜೋಡಿಸಿಕೊಟ್ಟದ್ದು, ಪಾಸ್‌ವರ್ಡ್ ಮರೆತುಹೋಗಿ ಮೂಲೆ ಸೇರಿತ್ತು. ಅದು ನೆಪ. ಆಟೋದಲ್ಲಿ ಹಾಕಿಕೊಂಡು ಹೋದೆ.

ಲೇತ್ ವರ್ಕ್‌ಷಾಪು, ಟೈರ್ ಅಂಗಡಿಗಳ ನಡುವೆ ಒಂದು ಷಟರ್‌ನ ಜಾಗ. ಅವನು ದಪ್ಪಗಾಗಿದ್ದ. ತುಟಿಯ ಮೇಲೆ ಗಾಯದ ಗುರುತು ಹಾಗೇ ಇತ್ತು. ನನ್ನನ್ನು ನೋಡಿದ್ದೇ ಎದ್ದು ನಿಂತ. "ಅಕ್ಕಾ" ಎಂದ, ಸ್ಟೂಲು ಒರೆಸಿ ಕೊಟ್ಟ, ಎದುರಿನ ಅಂಗಡಿಯಿಂದ ಟೀ ತರಿಸಿದ. ಕೇಸು ಇನ್ನೂ ನಡೀತಾ ಇದೆ ಎಂದ. ಅಮ್ಮ ಚೆನ್ನಾಗಿದ್ದಾರೆ, ಕಣ್ಣು ಸ್ವಲ್ಪ ಮಂಜು. ಕಟ್ಟು ಹಾಕಿಸಿದ್ದ ಸರ್ಟಿಫಿಕೇಟ್ ಇನ್ನೂ ವಾಪಸ್ ಬಂದಿಲ್ಲ, ಗೋಡೆ ಮೇಲಿನ ಆ ಮೊಳೆ ಮಾತ್ರ ಅಮ್ಮ ಕೀಳೋಕೆ ಬಿಡ್ತಿಲ್ಲ ಎಂದು ನಕ್ಕ. ನನಗೆ ಜೀವಕ್ಕೆ ಹಾಯೆನಿಸಿತು. ಏನೂ ಹೋಗಿಲ್ಲ, ಹುಡುಗ ಹಾಗೇ ಇದ್ದಾನೆ ಎಂದುಕೊಂಡೆ.

ಟೀ ಮುಗಿಸಿ, "ಇದು ನೀನೇ ಮಾಡಿಕೊಟ್ಟಿದ್ದು ಕಣೋ. ಪಾಸ್‌ವರ್ಡ್ ಮರ್ತೋಗಿದೆ, ಒಡೆದು ತೆಗಿ" ಎಂದೆ.

ಅವನು ಕಂಪ್ಯೂಟರ್ ಕಡೆ ನೋಡಿದ. ಮುಟ್ಟಲಿಲ್ಲ. ಮೇಜಿನ ಡ್ರಾಯರ್ ಎಳೆದು, ಒಂದು ಬಿಳಿ ಹಾಳೆ, ಒಂದು ಪೆನ್ನು ತೆಗೆದು ನನ್ನ ಮುಂದೆ ಇಟ್ಟ.

"ಬೇಜಾರ್ ಮಾಡ್ಕೋಬೇಡಿ ಅಕ್ಕ. ಇದು ನಿಮ್ದೇ, ನೀವೇ ತೆಗಿಯೋಕೆ ಹೇಳಿದ್ರಿ ಅಂತ ಬರ್ದು ಒಂದು ಸೈನ್ ಹಾಕ್ಬಿಡಿ."

ಹಳೆಯ ತಮಾಷೆ ಎಂದುಕೊಂಡು ನಾನು ನಕ್ಕೆ. ಅಂಗೈ ಮೇಲೆ ಬೆರಳಿನಿಂದ ಗೀಚಿ, ಸಹಿ ಹಾಕಿದಂತೆ ಮಾಡಿ ತೋರಿಸಿದೆ. ಅವನು ನಗಲಿಲ್ಲ. ಹಾಳೆಯನ್ನು ಇನ್ನೊಂದು ಸ್ವಲ್ಪ ನನ್ನ ಕಡೆ ಸರಿಸಿ, ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡು ನಿಂತ.

ಆವತ್ತು ಆ ಹಾಲಿನಲ್ಲಿ ಅವನ ಪರವಾಗಿ ಕಿರುಚಿದವಳು ನಾನೊಬ್ಬಳೇ. ನಾನು ಪೆನ್ನು ತೆಗೆದುಕೊಂಡು ಅವನು ಹೇಳಿದಂತೆ ಬರೆದೆ, ಹೆಸರು, ಮನೆ ವಿಳಾಸ, ತಾರೀಖು, ಸಹಿ. ಅವನು ಹಾಳೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು ಓದಿದ, ಮತ್ತೊಮ್ಮೆ ಓದಿದ. ಮಡಿಸಿ ಡ್ರಾಯರ್ ಒಳಗಿಟ್ಟು ಬೀಗ ಹಾಕಿದ. ಆಮೇಲೆ ಕಂಪ್ಯೂಟರ್ ಮುಟ್ಟಿದ.